ಎರಡನೆಯ ಸಾಲು ತಲುಪಲಿಲ್ಲ

“ಗುರುಗಳೇ, ಬೇಕಾದವರನ್ನು ಮಾತ್ರ ಒಳಗೆ ಬಿಟ್ಟುಕೊಂಡು, ಉಳಿದವರಿಗೆಲ್ಲ ಮನಸ್ಸಿನ ಬಾಗಿಲು ಹಾಕಿಬಿಟ್ಟರೆ ತಪ್ಪೇನು?” ಎಂದು ಚೆನ್ನವೀರ ಕೇಳಿದ.

ಚೆನ್ನವೀರ ಮಠದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಕೆಲವು ದಿನಗಳ ಹಿಂದೆ ಅವನ ಅಣ್ಣ ನಾಲ್ಕು ಜನರ ಮುಂದೆ ಅವನನ್ನು ಹೀಯಾಳಿಸಿದ್ದ. ಆಮೇಲೆ ತಪ್ಪೊಪ್ಪಿಕೊಳ್ಳಲು ಮಠಕ್ಕೆ ಬಂದಿದ್ದ. ಚೆನ್ನವೀರ ಮುಖ ಕೊಟ್ಟು ಮಾತಾಡಿರಲಿಲ್ಲ. ಇದೆಲ್ಲ ಗುರುಗಳಿಗೆ ತಿಳಿದಿತ್ತು. ಅವರು ಅಣ್ಣನ ಸುದ್ದಿ ಎತ್ತದೆ ಒಂದು ಕತೆ ಹೇಳಿದರು.

ಕಡಲ ತೀರದ ಊರೊಂದರಲ್ಲಿ ಸುಮಂಗಲಾ ಎಂಬ ಇಂಜಿನಿಯರ್ ಇದ್ದಳು. ತೀರದಿಂದ ದೂರದಲ್ಲಿ ಒಂದು ದ್ವೀಪ. ಅಲ್ಲಿ ಒಂದು ಎತ್ತರದ ಕಂಬ, ಕಂಬದ ಬುಡದ ಕೋಣೆಯಲ್ಲಿ ಒಂದು ಕಂಪ್ಯೂಟರ್. ಮೀನಿಗೆ ಹೋದ ದೋಣಿಗಳಿಗೆ ಬಿರುಗಾಳಿಯ ಸೂಚನೆ ಹೋಗುತ್ತಿದ್ದುದು ಆ ಕಂಬದಿಂದಲೇ. ಬಂದರಿನ ಕಚೇರಿಯವರು ದ್ವೀಪದ ಕಂಪ್ಯೂಟರಿಗೆ ಹೇಳುವರು, ಅದು ದೋಣಿಗಳಿಗೆ ಹೇಳುವುದು. ಆ ಕಂಪ್ಯೂಟರನ್ನು ಸುಸ್ಥಿತಿಯಲ್ಲಿಡುವುದು ಸುಮಂಗಲಾಳ ಕೆಲಸ.

ಅದಕ್ಕಾಗಿ ಅವಳು ದ್ವೀಪಕ್ಕೆ ಹೋಗಬೇಕಾಗಿರಲಿಲ್ಲ. ತನ್ನ ಮೇಜಿನ ಕಂಪ್ಯೂಟರಿನಲ್ಲಿ ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆದು, ದ್ವೀಪದ ಯಂತ್ರದ ಹೆಸರು ಬರೆದು, ಪಾಸ್‌ವರ್ಡ್ ಕೊಡುವಳು. ಆಮೇಲೆ ಇಲ್ಲಿ ಬರೆದ ಆಜ್ಞೆ ಅಲ್ಲಿ ನಡೆಯುವುದು. ವರ್ಷಗಟ್ಟಲೆ ಹೀಗೆ ಮಾಡಿ ಮಾಡಿ, ನಡುವೆ ಕಡಲೊಂದಿದೆ ಎಂಬುದೇ ಅವಳಿಗೆ ಮರೆತಂತಾಗಿತ್ತು.

ದ್ವೀಪದಲ್ಲಿ ಗಣಪ ಹರಿಕಂತ್ರ ಎಂಬ ಕಾವಲುಗಾರ ಒಬ್ಬನೇ ಇದ್ದ. ಅವಸರಕ್ಕೆಂದು ಅವನಿಗೂ ಒಂದು ಪಾಸ್‌ವರ್ಡ್ ಕೊಟ್ಟಿದ್ದರು. ಒಮ್ಮೆ ಅವನು ತಿಳಿಯದೆ ಏನನ್ನೋ ಒತ್ತಿದ. ಯಂತ್ರ ನಿಂತುಹೋಯಿತು. ಮೇಲಿನವರು ಬೈದದ್ದು ಸುಮಂಗಲಾಳನ್ನು. ಗಣಪ ಫೋನ್ ಮಾಡಿ ತಪ್ಪಾಯಿತೆಂದ. ಅವಳು ಉತ್ತರ ಕೊಡದೆ ಫೋನ್ ಇಟ್ಟಳು. ಅಂದೇ ಅವನ ಹೆಸರನ್ನು ಯಂತ್ರದಿಂದ ಅಳಿಸಿದಳು. ಅವನಿಗೆ ತಿಳಿಸಲೂ ಇಲ್ಲ. ಸ್ವಲ್ಪ ದಿನದಲ್ಲಿ ಗಣಪನಿಗೆ ಅದು ತಾನಾಗಿಯೇ ಗೊತ್ತಾಯಿತು. ಅವನು ಯಾಕೆಂದು ಕೇಳಲಿಲ್ಲ.

ಅಷ್ಟಕ್ಕೆ ಅವಳ ಮನಸ್ಸು ನಿಲ್ಲಲಿಲ್ಲ. ಇವನು ಹೀಗಾದರೆ ಆ ಯಂತ್ರವನ್ನು ಬಳಸುವ ಉಳಿದವರೂ ಅಷ್ಟೇ ಎನ್ನಿಸಿತು. ತನಗೂ ಬಂದರಿನ ಕಚೇರಿಗೂ ಮಾತ್ರ ದಾರಿಯಿಟ್ಟು ಮಿಕ್ಕವರನ್ನೆಲ್ಲ ತಡೆಯಬೇಕೆಂದು ತೀರ್ಮಾನಿಸಿದಳು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಕುಳಿತಳು. ‘ಯಾರನ್ನೂ ಒಳಗೆ ಬಿಡಬೇಡ’ ಎಂಬುದು ಯಂತ್ರಕ್ಕೆ ಹೇಳಬೇಕಾದ ಮೊದಲ ಸಾಲು. ‘ನನ್ನನ್ನು ಬಿಡು’ ಎಂಬುದು ಎರಡನೆಯದು. ಬಂದರಿನ ಸಾಲು ಅದರ ನಂತರ. ಮೊದಲನೆಯದನ್ನು ಬರೆದು ಎಂಟರ್ ಒತ್ತಿದಳು. ಎರಡನೆಯದನ್ನು ಬರೆಯತೊಡಗಿದಳು. ಪರದೆಯ ಮೇಲೆ ಅಕ್ಷರ ಮೂಡಲಿಲ್ಲ. ಯಂತ್ರ ಹೇಳಿದ ಮಾತನ್ನು ಪಾಲಿಸಿತ್ತು. ಯಾರನ್ನೂ ಎಂದರೆ ಅವಳನ್ನೂ.

ಅವಳು ಕಿಟಕಿಯನ್ನು ಮುಚ್ಚಿ ಮತ್ತೆ ತೆರೆದಳು. ಹೆಸರು ಬರೆದಳು, ಕಾದಳು. ಉತ್ತರವಿಲ್ಲ. ಅಷ್ಟರಲ್ಲಿ ಬಂದರಿನ ಕಚೇರಿಯಿಂದ ಫೋನ್ ಬಂತು. ಪಡುವಣದಲ್ಲಿ ಗಾಳಿ ಎದ್ದಿದೆ, ಸೂಚನೆ ಕಳಿಸಬೇಕು, ದ್ವೀಪದ ಯಂತ್ರ ನಮ್ಮನ್ನು ಒಳಗೆ ಬಿಡುತ್ತಿಲ್ಲ ಎಂದರು. ಬೆಳಿಗ್ಗೆ ಹೋದ ದೋಣಿಗಳು ಮೊಬೈಲಿಗೆ ಸಿಗದಷ್ಟು ದೂರದಲ್ಲಿದ್ದವು. ಆ ಅಲೆಯಲ್ಲಿ ದ್ವೀಪಕ್ಕೆ ಯಾರೂ ಹೋಗುವಂತಿರಲಿಲ್ಲ. ಆ ಮೊದಲ ಸಾಲು ತಡೆಯುತ್ತಿದ್ದುದು ದೂರದಿಂದ ಬರುವವರನ್ನು ಮಾತ್ರ. ಯಾರಾದರೂ ಆ ಯಂತ್ರದ ಎದುರಿಗೇ ಕುಳಿತು ಅದನ್ನು ಅಳಿಸಬೇಕು, ಬೇರೆ ದಾರಿಯಿಲ್ಲ.

ಸುಮಂಗಲಾ ಫೋನನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ಕುಳಿತಳು. ಆಮೇಲೆ ಗಣಪನಿಗೆ ಮಾಡಿದಳು. ತಾನು ಮಾಡಿದ್ದನ್ನು ಏನೂ ಮುಚ್ಚಿಡದೆ ಹೇಳಿದಳು. ಒಳಗೆ ಹೋಗಲು ಅವನ ಹೆಸರು ಯಂತ್ರದಲ್ಲಿರಲಿಲ್ಲ, ಆದ್ದರಿಂದ ತನ್ನ ಹೆಸರನ್ನೂ ತನ್ನ ಪಾಸ್‌ವರ್ಡನ್ನೂ ಕೊಡಬೇಕಾಯಿತು. ಅದನ್ನು ಅವಳು ಮನೆಯವರಿಗೂ ಹೇಳಿರಲಿಲ್ಲ. ಗಣಪ ಕುರ್ಚಿ ಎಳೆದ ಸದ್ದು ಕೇಳಿಸಿತು. ಒಂದೊಂದೇ ಅಕ್ಷರ ಹೇಳಿ ಎಂದ.

ಅವಳು ಹೇಳಿದಳು. ಅವನು ಪ್ರತಿ ಅಕ್ಷರವನ್ನೂ ತಿರುಗಿ ಹೇಳಿ, ಅವಳು ಹೌದೆಂದ ಮೇಲೆಯೇ ಒತ್ತಿದ. ನಡುನಡುವೆ ಗಾಳಿಯ ಸದ್ದಿಗೆ ಮಾತು ಕೇಳಿಸದೆ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಅವನು ಬೇಸರಿಸಲಿಲ್ಲ. ಕಡೆಗೆ ಮೊದಲ ಸಾಲು ಅಳಿಯಿತು. ಬಂದರಿನವರು ಒಳಗೆ ಹೋದರು. ದೋಣಿಗಳಿಗೆ ಸೂಚನೆ ಹೋಯಿತು. ಅವು ದಡದ ಕಡೆ ಮುಖ ತಿರುಗಿಸಿದವು. ಕೊನೆಯದು ಬರುವಾಗ ಹೊತ್ತು ಮುಳುಗುತ್ತಿತ್ತು. ಅದರ ಬಲೆಗಳು ಕಡಲಪಾಲಾಗಿದ್ದವು, ಜನರೆಲ್ಲ ಇದ್ದರು.

ಆ ಸಂಜೆ ಸುಮಂಗಲಾ ಮತ್ತೆ ದ್ವೀಪಕ್ಕೆ ಫೋನ್ ಮಾಡಿದಳು. ಗಣಪನೇ ಮೊದಲು ಮಾತು ತೆಗೆದ.

“ಮೇಡಂ, ನಿಮ್ಮ ಪಾಸ್‌ವರ್ಡ್ ಈಗ ನನಗೂ ಗೊತ್ತಾಗಿದೆ. ಇವತ್ತೇ ಬದಲಾಯಿಸಿಬಿಡಿ. ನಾಳೆ ಏನಾದರೂ ಕೆಟ್ಟರೆ ನಿಮಗೆ ನನ್ನ ಮೇಲೆ ಅನುಮಾನ ಬರಬಾರದು.”

“ಬದಲಾಯಿಸುತ್ತೇನೆ ಗಣಪಣ್ಣ. ಅದಕ್ಕೂ ಮೊದಲು ನಿಮ್ಮ ಹೆಸರನ್ನು ಮತ್ತೆ ಸೇರಿಸುತ್ತೇನೆ,” ಎಂದಳು ಅವಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಯೋಚಿಸಿದ. ಕಂಪ್ಯೂಟರ್ ಬಲ್ಲವನಾದ್ದರಿಂದ ಅವನಿಗೆ ಅವಳ ತಪ್ಪು ಕಾಣಿಸಿತ್ತು.

“ಗುರುಗಳೇ, ಅವಳು ಎರಡನೆಯ ಸಾಲನ್ನೇ ಮೊದಲು ಬರೆಯಬೇಕಿತ್ತು. ಬಲ್ಲವರು ಹಾಗೆಯೇ ಮಾಡುತ್ತಾರೆ. ಆಗ ಬೇಡದವರೆಲ್ಲ ಹೊರಗಿರುತ್ತಿದ್ದರು, ಅವಳಿಗೂ ಯಾವ ತೊಂದರೆ ಆಗುತ್ತಿರಲಿಲ್ಲ.”

“ನಿಜ,” ಎಂದರು ಗುರುಗಳು. “ಗಣಪ ಎಂಥವನೆಂಬುದೂ ಅವಳಿಗೆ ಕೊನೆಯವರೆಗೆ ತಿಳಿಯುತ್ತಿರಲಿಲ್ಲ.”