ಗಿಟಾರಿಗೆ ಕೈ ಹಚ್ಚಿದವರು

ಮಠದ ಹಿತ್ತಲಿನಲ್ಲಿ ಬಾವಿಕಟ್ಟೆ ಕಟ್ಟುತ್ತಿದ್ದ ಮರಿದೇವ ಎಂಬ ಶಿಷ್ಯ ಒಂದು ದಿನ ಕೆಲಸದ ನಡುವೆ ಎದ್ದುಬಂದು ಗುರುಗಳನ್ನು ಕೇಳಿದ:

"ಗುರುಗಳೇ, ಉಳಿದವರು ತಾವೂ ಕಟ್ಟುತ್ತೇವೆ ಎಂದು ಬರುತ್ತಿದ್ದಾರೆ. ನಾನು ಬೇಡವೆಂದು ಕಳಿಸುತ್ತಿದ್ದೇನೆ. ಎಲ್ಲರೂ ಕೈ ಹಾಕಿದ ಕೆಲಸವನ್ನು ನನ್ನದು ಎಂದು ಹೇಗೆ ಹೇಳಲಿ?"

ಗುರುಗಳು ಅವನ ಕೈಗೆ ಮೆತ್ತಿದ್ದ ಸಿಮೆಂಟನ್ನು ನೋಡಿ ನಕ್ಕರು. ಕೂತುಕೋ ಎಂದು ಸನ್ನೆ ಮಾಡಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಜೀವರತ್ನ ಎಂಬ ಗಡಿಯಾರ ರಿಪೇರಿಯವನಿದ್ದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಳ್ಳೆಯ ಕೆಲಸಗಾರ. ಆದರೆ ಮೇಜಿನ ಹತ್ತಿರ ಯಾರಾದರೂ ಬಂದರೆ ಸಾಕು, ತಲೆ ಎತ್ತದೆಯೇ "ಕೈ ಹಚ್ಚಬ್ಯಾಡ್ರಿ" ಎನ್ನುತ್ತಿದ್ದ. ಗಡಿಯಾರದ ಚಕ್ರಗಳ ಮಟ್ಟಿಗೆ ಆ ಮಾತು ಸರಿಯೇ. ಆದರೆ ಅವನು ಕಪಾಟು ಸರಿಸುವಾಗಲೂ ಅದನ್ನೇ ಅನ್ನುತ್ತಿದ್ದ, ಗೋಡೆಗೆ ಸುಣ್ಣ ಹೊಡೆಯುವಾಗಲೂ ಅದನ್ನೇ ಅನ್ನುತ್ತಿದ್ದ. ಜನ ಅವನನ್ನು ಅವನ ಪಾಡಿಗೆ ಬಿಟ್ಟಿದ್ದರು.

ಅವನ ಹೆಂಡತಿ ಸುಗುಣ. ಒಮ್ಮೆ ಇಬ್ಬರೂ ಆಕೆಯ ತವರಿಗೆ ಹೋದಾಗ, ಅಣ್ಣನ ಮನೆಯಲ್ಲಿದ್ದ ಗಿಟಾರನ್ನು ಆಕೆ ತೊಡೆಯ ಮೇಲಿಟ್ಟುಕೊಂಡು ನುಡಿಸಿದಳು. ಹಾಸ್ಟೆಲಿನಲ್ಲಿ ಓದುವಾಗ ಕಲಿತದ್ದು. ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಆದರೂ ಬೆರಳು ಮರೆತಿರಲಿಲ್ಲ. ಆಗ ಆಕೆಯ ಮುಖದ ಮೇಲೆ ಬಂದ ಕಳೆಯನ್ನು ಜೀವರತ್ನ ಅದುವರೆಗೆ ನೋಡಿರಲಿಲ್ಲ.

ಊರಿಗೆ ಮರಳಿದವನೇ ಗಿಟಾರಿನ ಬಿಡಿಭಾಗಗಳನ್ನು ತರಿಸಿದ. ಬಾಗಿಸಿದ ಎರಡು ಪಕ್ಕದ ಹಲಗೆಗಳು, ಮುಂದಿನ ಹಲಗೆ, ಹಿಂದಿನ ಹಲಗೆ, ಕುತ್ತಿಗೆ, ತಂತಿಗಳು, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬಂದವು. ಜೋಡಿಸಿ ಅಂಟಿಸುವುದಷ್ಟೇ ಬಾಕಿ. ಸಿದ್ಧವಾದದ್ದನ್ನೇ ತರಬಹುದಿತ್ತಲ್ಲ ಎಂದು ಸುಗುಣ ಕೇಳಿದಳು.

"ಅಂಗಡ್ಯಾಗಿಂದು ಯಾರು ಬೇಕಾದ್ರೂ ತಂದು ಕೊಡತಾರ. ಇದನ್ನ ನಾನೊಬ್ಬನ ಮಾಡಿ ಕೊಡತೀನಿ. ನೀನೂ ಕೈ ಹಚ್ಚಬ್ಯಾಡ" ಎಂದ.

ಆಕೆ ನಕ್ಕು ಒಳಗೆ ಹೋದಳು.

ಪಕ್ಕದ ಹಲಗೆಗಳು ಒಂದಕ್ಕೊಂದು ಚೆನ್ನಾಗಿ ಕೂಡಿಕೊಂಡವು. ಅವನಿಗೆ ಹುರುಪು ಬಂತು. ಮುಂದಿನ ಕೆಲಸ, ಅವುಗಳ ಹಿಂಬದಿಯ ಒಳಅಂಚಿಗೆ ಸುತ್ತಲೂ ಒಂದು ಮರದ ಪಟ್ಟಿ ಅಂಟಿಸುವುದು. ಪಕ್ಕದ ಹಲಗೆ ರಟ್ಟಿನಷ್ಟು ತೆಳು. ಹಿಂದಿನ ಹಲಗೆ ನಿಲ್ಲಬೇಕಾದದ್ದು ಆ ಪಟ್ಟಿಯ ಮೇಲೆ. ಅಂಟು ಹಿಡಿಯುವವರೆಗೆ ಪಟ್ಟಿಯನ್ನು ಉದ್ದಕ್ಕೂ ಒತ್ತಿ ಹಿಡಿದಿರಬೇಕು. ಜೀವರತ್ನನಿಗೆ ತನ್ನ ಬೆರಳುಗಳ ಮೇಲೆ ನಂಬಿಕೆ. ಅಂಟು ಸವರಿದ, ಪಟ್ಟಿ ಕೂರಿಸಿದ. ಈ ತುದಿ ಒತ್ತಿದರೆ ಆ ತುದಿ ಎದ್ದಿತು. ಆ ತುದಿ ಒತ್ತಿದರೆ ನಡು ಎದ್ದಿತು. ಮೊಣಕೈ ಊರಿದ. ಗದ್ದ ಊರಿದ. ಅಷ್ಟರಲ್ಲಿ ಅಂಟು ಬಿಗಿಯತೊಡಗಿತು. ಪಟ್ಟಿ ಸೊಟ್ಟಗೆ ಒಣಗಿದರೆ ಕೀಳಬೇಕು, ಕಿತ್ತರೆ ಹಲಗೆ ಸೀಳುತ್ತದೆ. ಬೇರೆ ಹಲಗೆ ಆ ಊರಿನಲ್ಲಿ ಸಿಗುವಂತಿರಲಿಲ್ಲ. ಅವನ ಬೆನ್ನು ಬೆವರಿತು.

ಗದ್ದ ಎತ್ತದೆಯೇ ಕೂಗಿದ: "ಸುಗುಣಾ, ಬಾ ಇಲ್ಲೆ! ಕೈ ಹಚ್ಚು!"

ಸುಗುಣ ಬಂದು ಹಿಡಿದಳು. ನಾಲ್ಕು ಕೈಗಳೂ ಸಾಲಲಿಲ್ಲ. ಆಕೆ ಒಂದು ಗಳಿಗೆ ಯೋಚಿಸಿ ಅಂಗಳಕ್ಕೆ ಓಡಿ, ಒಗೆದು ಹಾಕಿದ್ದ ಬಟ್ಟೆಗಳ ಕ್ಲಿಪ್ಪುಗಳನ್ನು ಕಿತ್ತು ಉಡಿಯಲ್ಲಿ ತುಂಬಿಕೊಂಡು ಬಂದಳು. ಕ್ಲಿಪ್ಪು ಕಚ್ಚಿದಲ್ಲಿ ಪಟ್ಟಿ ಅಲುಗಲಿಲ್ಲ. ಆದರೆ ಅರ್ಧ ಸುತ್ತಿಗೇ ಅವು ಮುಗಿದವು. ಮತ್ತೆ ಬಾಗಿಲಿಗೆ ಓಡಿ ಎದುರುಮನೆಯ ಹಜರತಬಿಯನ್ನು ಕೂಗಿದಳು.

"ಅಕ್ಕಾರ, ನಿಮ್ಮ ಬಟ್ಟಿ ಕ್ಲಿಪ್ ಎಲ್ಲಾ ಕೊಡ್ರಿ, ಲಗೂ ಕೊಡ್ರಿ!"

ಹಜರತಬಿ ಯಾಕೆಂದು ಕೇಳಲಿಲ್ಲ. ತನ್ನ ತಂತಿಯ ಮೇಲಿದ್ದವನ್ನೆಲ್ಲ ಕಿತ್ತುಕೊಟ್ಟು ಪಕ್ಕದ ಮನೆಗೂ ಕೂಗು ಹಾಕಿದಳು. ಆ ಮನೆಯವರು ಆಚೆ ಮನೆಗೆ ಕೂಗಿದರು. ಕ್ಲಿಪ್ಪುಗಳು ಕೈಯಿಂದ ಕೈಗೆ ಬಂದವು. ಹೊರಗೆ ಗಾಳಿ ಜೋರಾಗಿತ್ತು. ಓಣಿಯ ಬಟ್ಟೆಗಳೆಲ್ಲ ಹಾರಿದವು. ರೈಲ್ವೆಯಿಂದ ನಿವೃತ್ತರಾದ ಗುರುಪಾದಪ್ಪನವರ ಧೋತರ ಬೇಕರಿಯ ತಗಡಿನ ಮೇಲೆ ಹೋಗಿ ಕೂತಿತು. ಅವರು ಕೆಳಗೆ ನಿಂತು ಬೈಯತೊಡಗಿ, ನಡುವೆಯೇ ನಗು ತಡೆಯಲಾರದೆ ಕಟ್ಟೆಯ ಮೇಲೆ ಕೂತುಬಿಟ್ಟರು.

ಒಳಗೆ ಪಟ್ಟಿ ಅಂಚಿನುದ್ದಕ್ಕೂ ಬಿಗಿಯಾಗಿ ಕೂತಿತ್ತು.

ಮರುದಿನ ಜೀವರತ್ನ ಕ್ಲಿಪ್ಪುಗಳನ್ನು ಮನೆಮನೆಗೂ ಹಿಂದಿರುಗಿಸಲು ಹೋದ. ಎಲ್ಲರೂ ಗಿಟಾರಿನ ವಿಷಯವನ್ನೇ ಕೇಳಿದರು. ಗುರುಪಾದಪ್ಪನವರು, "ಒಂದ್ಸಲ ಮುಟ್ಟಿ ನೋಡ್ಲೇನಪಾ?" ಎಂದರು. ಅವನ ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ರವಿವಾರ ಬರ್ರಿ. ಹಿಂದಿನ ಹಲಗಿ ಕೂಡಸೋದೈತಿ" ಎಂದ.

ಅವರೊಬ್ಬರನ್ನು ಕರೆದಿದ್ದ. ಓಣಿಗೆ ಓಣಿಯೇ ಬಂತು. ಅಂಟು ಸವರಿ ಹಲಗೆ ಇಟ್ಟ ಮೇಲೆ ಸುತ್ತ ಕೂತವರೆಲ್ಲ ಅಂಚನ್ನು ಅಂಗೈಯಿಂದ ಒತ್ತಿ ಹಿಡಿದರು. ಯಾರೂ ಕೈ ತೆಗೆಯುವಂತಿಲ್ಲ, ಏಳುವಂತಿಲ್ಲ. ಮಾಡಲು ಬೇರೇನೂ ಇಲ್ಲದೆ ಮಾತಿಗಿಳಿದರು. ಹಜರತಬಿಯ ಮಗಳು ನರ್ಸ್ ಆಗಿದ್ದಾಳೆಂದು ಜೀವರತ್ನನಿಗೆ ತಿಳಿದದ್ದು ಆಗಲೇ. ಗುರುಪಾದಪ್ಪನವರ ಮೂಗು ತುರಿಸಿತು. ಅವರು ಮುಖ ಹಿಂಡಿದರು, ಮೂಗು ಅರಳಿಸಿದರು, ಕೊನೆಗೆ ಪಕ್ಕದಲ್ಲಿದ್ದ ಬೇಕರಿಯವನ ಭುಜಕ್ಕೆ ತಿಕ್ಕಿದರು. ಸುಗುಣ ಚಹಾ ತಂದು ಒಬ್ಬೊಬ್ಬರಿಗೂ ಬಸಿಯಲ್ಲಿ ಆರಿಸಿ ಬಾಯಿಗೆ ಹಿಡಿದಳು. ನಕ್ಕರೆ ಕೈ ಅಲುಗುತ್ತದೆಂದು ಜೀವರತ್ನ ಗದರಿದ. ಗದರುವಾಗ ಅವನಿಗೇ ನಗು ಬಂತು.

ಮುಂಬದಿಗೂ ಪಟ್ಟಿ ಅಂಟಿಸಿ ಮುಂದಿನ ಹಲಗೆಯನ್ನೂ ಹಾಗೆಯೇ ಕೂರಿಸಿದರು. ಕುತ್ತಿಗೆ ಸೇರಿತು, ತಂತಿ ಬಿಗಿದದ್ದಾಯಿತು. ಒಂದು ಬದಿಯಲ್ಲಿ ಅಂಟಿನ ಕಲೆ ಉಳಿದಿತ್ತು. ಹಿಂದಿನ ಹಲಗೆ ಕೂದಲೆಳೆಯಷ್ಟು ಓರೆಯಾಗಿತ್ತು. ಗಡಿಯಾರದವನ ಕಣ್ಣಿಗೆ ಅದು ಕಾಣದಿರುವುದುಂಟೆ? ಅವನು ಸುಮ್ಮನೆ ಗಿಟಾರನ್ನು ಒರೆಸಿ ಹೆಂಡತಿಯ ಕೈಗಿಟ್ಟ.

ಸುಗುಣ ಬಾಗಿಲ ಕಟ್ಟೆಯ ಮೇಲೆ ಕೂತು ಶ್ರುತಿ ಮಾಡಿ ನುಡಿಸಿದಳು. ಮೊದಲು ತಡವರಿಸಿದಳು, ಆಮೇಲೆ ಸರಾಗವಾಯಿತು. ದನಿ ತುಂಬಿಕೊಂಡು ಬಂತು. ಮನೆಗಳಿಂದ ಜನ ಹೊರಗೆ ಬಂದು ನಿಂತರು. ಗಡಿಯಾರ ಕೊಡಲು ಬಂದಿದ್ದ ಪರಊರಿನವನೊಬ್ಬ, ಇದನ್ನು ಮಾಡಿದವರು ಯಾರೆಂದು ಕೇಳಿದ.

"ನಾನು" ಎಂದಳು ಹಜರತಬಿ. "ನಾನು" ಎಂದರು ಗುರುಪಾದಪ್ಪನವರು. "ನಾವ್ರೀ!" ಎಂದು ಉಳಿದವರು ಹಿಂದಿನಿಂದ ಕೂಗಿದರು. ಜೀವರತ್ನ ಎಲ್ಲರಿಗಿಂತ ಜೋರಾಗಿ ನಕ್ಕ.

ಮರಿದೇವನೂ ನಕ್ಕ. ಆಮೇಲೆ ಅವನಿಗೆ ಒಂದು ಅನುಮಾನ ಬಂತು.

"ಗುರುಗಳೇ, ಅಷ್ಟೆಲ್ಲ ಕಷ್ಟಪಟ್ಟರೂ ಆ ಗಿಟಾರು ಕೊನೆಗೆ ಅವನದು ಆಗಲಿಲ್ಲವಲ್ಲ?"

ಗುರುಗಳು ಹೇಳಿದರು: "ಗಿಟಾರು ಅವನದಾಗಲಿಲ್ಲ ನಿಜ, ಅವನು ಆ ಓಣಿಯವನಾದ."