ಗಿಡ್ಡ ಹಾಸಿನ ನೇಕಾರ

“ಕರ್ತನು ಬಾಗಿಲ ಬಳಿಗೇ ಬಂದು ನಿಂತಿರುವಾಗ, ವರುಷಗಟ್ಟಲೆ ಹಿಡಿಯುವ ಕೆಲಸಕ್ಕೆ ಕೈ ಹಾಕುವುದು ಅವಿಶ್ವಾಸವಲ್ಲವೇ, ಅಯ್ಯನವರೇ?” ಎಂದು ಹನೋಕ ಕೇಳಿದ.

ಹನೋಕ ಉಪದೇಶಿಯ ಕೆಲಸ ಕಲಿಯಲು ಬಂದಿದ್ದ ಶಿಷ್ಯ. ಅವನ ಕಲಿಕೆ ಮುಗಿಯುತ್ತ ಬಂದಿತ್ತು. ಕೆಳಗಿನ ಓಣಿಯ ಸಭೆಯವರು ಬಂದು, ನಮ್ಮ ಮಕ್ಕಳಿಗೆ ಅಕ್ಷರ ಕಲಿಸುವವರಿಲ್ಲ, ನೀವು ನಮ್ಮಲ್ಲೇ ನೆಲೆ ನಿಂತು ಒಂದು ಶಾಲೆ ನಡೆಸಿಕೊಡಿ ಎಂದು ಅವನನ್ನು ಬೇಡಿಕೊಂಡಿದ್ದರು. ಅವನು ಒಪ್ಪಿರಲಿಲ್ಲ. ಅಂತ್ಯಕಾಲ ಹತ್ತಿರವಾಗಿದೆ, ಊರೂರು ಸುತ್ತಿ ಜನರನ್ನು ಎಚ್ಚರಿಸುವುದು ಬಿಟ್ಟು ಶಾಲೆ ಕಟ್ಟಿಕೊಂಡು ಕೂರಲೇ ಎಂದು ಹೇಳಿ ಕಳಿಸಿದ್ದ. ಕಳಿಸಿದ ಮೇಲೆ ಮನಸ್ಸಿಗೆ ಸಮಾಧಾನವಿಲ್ಲದೆ ಗುರುವಿನ ಬಳಿಗೆ ಬಂದಿದ್ದ.

ಯೋನಾತಾನ ಅಯ್ಯನವರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವರಂತೆ ಕನ್ನಡಕ ಒರೆಸಿಕೊಂಡು, ಕೂತುಕೋ, ಒಬ್ಬ ನೇಕಾರನ ಕತೆ ಹೇಳುತ್ತೇನೆ, ಮಧ್ಯೆ ಬಾಯಿ ಹಾಕಬೇಡ ಎಂದು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ, ಅವನೊಂದಿಗೆ ಜಗಳವಾಡಲು ಹೋದವರು ಅವನ ಮನೆಯಲ್ಲಿ ಊಟ ಮಾಡಿಕೊಂಡು ಬರುತ್ತಿದ್ದರು. ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುವುದು ಅವನ ಸ್ವಭಾವ. ಸೀರೆ ನೆಯ್ಯುವುದರಲ್ಲಂತೂ ಎತ್ತಿದ ಕೈ.

ಒಮ್ಮೆ ಆ ಊರಿಗೆ ಒಬ್ಬ ಪ್ರಸಂಗಿ ಬಂದ. ಕರ್ತನ ಬರೋಣ ಸಮೀಪಿಸಿದೆ, ಆತನು ಯಾವ ಗಳಿಗೆಯಲ್ಲಾದರೂ ಬರಬಹುದು, ಸಿದ್ಧರಾಗಿರಿ ಎಂದು ಪ್ರಸಂಗ ಮಾಡಿ ಮರುದಿನ ಮುಂದಿನ ಊರಿಗೆ ಹೋದ. ಉಳಿದವರು ಆಮೆನ್ ಎಂದು ಮನೆಗೆ ಹೋಗಿ ಮಲಗಿದರು. ನೇಕಾರ ಮಾತ್ರ ನಂಬಿದ. ನಗಬೇಡ, ನಂಬಿದ್ದು ತಪ್ಪಲ್ಲ. ನೀನೂ ನಂಬುತ್ತೀ, ನಾನೂ ನಂಬುತ್ತೇನೆ.

ಆದರೆ ಅವನ ಮನಸ್ಸು ನೇಕಾರನ ಮನಸ್ಸು. ಮಗ್ಗದ ಮೇಲೆ ಅರ್ಧ ನೆಯ್ದ ಬಟ್ಟೆ ಇರುವಾಗಲೇ ಕರ್ತನು ಬಂದುಬಿಟ್ಟರೆ ಏನು ಗತಿ ಎಂಬ ಚಿಂತೆ ಅವನಿಗೆ ಹತ್ತಿಕೊಂಡಿತು. ಸೀರೆಯ ಹಾಸನ್ನು, ಅಂದರೆ ಉದ್ದಕ್ಕೆ ಹಿಡಿದ ಎಳೆಗಳನ್ನು, ಒಮ್ಮೆ ಮಗ್ಗಕ್ಕೆ ಏರಿಸಿದರೆ, ಅಷ್ಟುದ್ದದ ನೂಲೆಲ್ಲ ಸೀರೆಯಾಗಿ ಇಳಿಯುವುದಕ್ಕೆ ತಿಂಗಳಾದರೂ ಬೇಕು. ಒಂದು ತಿಂಗಳು ಕರ್ತನು ಬರುವುದಿಲ್ಲವೆಂದು ಯಾರು ಹೇಳಬಲ್ಲರು? ಆದ್ದರಿಂದ ಅವನು ಸೀರೆ ನೆಯ್ಯುವುದನ್ನೇ ಬಿಟ್ಟ. ಗಿಡ್ಡ ಹಾಸು ಏರಿಸಿ ಟವೆಲು ನೆಯ್ಯತೊಡಗಿದ. ಬೆಳಿಗ್ಗೆ ಏರಿಸಿದ್ದು ಸಂಜೆಗೆ ಇಳಿದುಬಿಡಬೇಕು. ನೂಲು ಏರಿಸುವ ಪೇಚಾಟಕ್ಕೇ ಅರ್ಧ ದಿನ ಹೋಗುತ್ತಿತ್ತು. ಓಣಿಯವರು ತಲೆ ತಲೆ ಚಚ್ಚಿಕೊಂಡರು. ಅವನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಮಗ್ಗದ ಸುತ್ತ ಗುಡಿಸಿ, ಬಿಳಿ ಅಂಗಿ ತೊಟ್ಟು, ಕಟ್ಟೆಯ ಮೇಲೆ ಕೂತು ಆಕಾಶ ನೋಡುತ್ತಿದ್ದ. ಖಾಲಿ ಮಗ್ಗ ಕಂಡರೆ ಅವನಿಗೆ ಏನೋ ನೆಮ್ಮದಿ. ಕರೆದರೆ ಎದ್ದು ಹೊರಡುವುದೊಂದೇ ಬಾಕಿ.

ಹೀಗೇ ಕಾಲ ಕಳೆಯಿತು. ಆ ಪ್ರಸಂಗಿ ಮತ್ತೊಮ್ಮೆ ಆ ದಾರಿಯಾಗಿ ಬಂದವನು ನೇಕಾರನ ಮನೆಯಲ್ಲೇ ಇಳಿದ. ಇಂಥ ನಂಬಿಕೆಯನ್ನು ನಾನು ಎಲ್ಲೂ ಕಂಡಿಲ್ಲ ಎಂದು ಹೊಗಳಿದ. ಹೋಗುವಾಗ ನೇಕಾರ ಕೊಟ್ಟ ಒಂದು ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೋದ. ಆ ಮನೆಯಲ್ಲಿ ಮದುವೆಯ ವಯಸ್ಸಿನ ಮಗಳೊಬ್ಬಳಿದ್ದಾಳೆ ಎಂಬುದು ಅವನ ಕಣ್ಣಿಗೆ ಬೀಳಲಿಲ್ಲ.

ನೇಕಾರನಿಗೆ ಅವಳೊಬ್ಬಳೇ ಮಗಳು. ಪಕ್ಕದ ಊರಿನ ಹುಡುಗನೊಬ್ಬನಿಗೆ ಕೊಡುವುದೆಂದು ಮಾತಾಗಿತ್ತು. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಪ್ರಾಣ. ಆದರೆ ಆ ನೇಕಾರರಲ್ಲಿ ಒಂದು ಪದ್ಧತಿ. ಮಗಳು ತಂದೆ ನೆಯ್ದ ಸೀರೆಯನ್ನೇ ಉಟ್ಟು ಮದುವೆಗೆ ನಿಲ್ಲಬೇಕು. ಆ ಸೀರೆಯ ಹಾಸು ಮಗ್ಗಕ್ಕೇರಿದ ಸುದ್ದಿ ತಲುಪಿದ ಮೇಲೆಯೇ ಗಂಡಿನವರು ದಿನ ಗೊತ್ತು ಮಾಡುತ್ತಾರೆ, ಸಭಾಪಾಲಕರು ದೇವಾಲಯದಲ್ಲಿ ಮದುವೆಯ ಪ್ರಕಟಣೆ ಓದುತ್ತಾರೆ. ಹಾಸು ಏರಲಿಲ್ಲವೆಂದರೆ ತಂದೆಗೆ ಮನಸ್ಸಿಲ್ಲವೆಂದೇ ಅರ್ಥ.

ಗಂಡಿನವರು ಒಂದು ಸುಗ್ಗಿ ಕಾದರು, ಇನ್ನೊಂದು ಸುಗ್ಗಿ ಕಾದರು. ಹಾಸು ಏರಲಿಲ್ಲ. ಮಗಳ ಮೇಲೆ ಪ್ರೀತಿಯಿಲ್ಲದೆ ಅಲ್ಲ. ಅವಳು ಚಿಕ್ಕವಳಿದ್ದಾಗಲೇ ರೇಷ್ಮೆ ನೂಲು ತಂದು, ಬಣ್ಣ ಹಾಕಿಸಿ, ಪೆಟ್ಟಿಗೆಯಲ್ಲಿ ಇಟ್ಟಿದ್ದ. ಆಗಾಗ ತೆಗೆದು ಮುಟ್ಟಿ ನೋಡುತ್ತಿದ್ದ. ಏರಿಸಿಯೇಬಿಡೋಣ ಎನ್ನಿಸುತ್ತಿತ್ತು. ಅಷ್ಟರಲ್ಲಿ ಪ್ರಸಂಗಿಯ ಮಾತು ನೆನಪಾಗುತ್ತಿತ್ತು. ಬೇರೆಯವರ ಬಟ್ಟೆಯಾದರೂ ಹೋಗಲಿ, ಹೆತ್ತ ಮಗಳ ಸೀರೆಯನ್ನು ಅರ್ಧಕ್ಕೆ ಬಿಟ್ಟು ಕರ್ತನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದುಕೊಂಡು ಪೆಟ್ಟಿಗೆ ಮುಚ್ಚುತ್ತಿದ್ದ. ಪ್ರೀತಿ ಹೆಚ್ಚಾದರೂ ಮನುಷ್ಯ ಹೀಗೆ ಪೆದ್ದನಾಗುತ್ತಾನೆ, ಏನು ಮಾಡುವುದು?

ಮಗಳು ಒಂದು ಮಾತೂ ಕೇಳಲಿಲ್ಲ. ಲಾಳಿಗೆ ಬೇಕಾದ ನೂಲಿನ ಕಂಡಿಕೆಗಳನ್ನು ಮೊದಲಿನಂತೆಯೇ ಸುತ್ತಿಕೊಟ್ಟಳು. ನಗುವುದನ್ನು ಮಾತ್ರ ಬಿಟ್ಟಳು. ನೇಕಾರ ಅದನ್ನು ಕಂಡ. ಕಂಡು, ಕರ್ತನು ಬಂದ ದಿನ ಎಲ್ಲರ ದುಃಖವೂ ತೀರುತ್ತದಲ್ಲ, ಇವಳದೂ ತೀರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಕೊನೆಗೆ ಹುಡುಗನ ದೊಡ್ಡಪ್ಪ ಬಂದ. ಬರುವ ಭಾನುವಾರದೊಳಗೆ ಹಾಸು ಏರದಿದ್ದರೆ ನಾವು ಬೇರೆ ಕಡೆ ಹೆಣ್ಣು ನೋಡುತ್ತೇವೆ, ತಪ್ಪು ತಿಳಿಯಬೇಡಿ ಎಂದು ಹೇಳಿ, ಕೊಟ್ಟ ನೀರನ್ನೂ ಕುಡಿಯದೆ ಹೋದ.

ಆ ಸಂಜೆ ನೇಕಾರ ಕಟ್ಟೆಗೆ ಹೋಗಲಿಲ್ಲ. ಅಡುಗೆಮನೆಯ ಹೊಸ್ತಿಲ ಬಳಿ ಕೂತು ಹೆಂಡತಿಗೆ ತನ್ನ ಸಂಕಟವನ್ನೆಲ್ಲ ತೋಡಿಕೊಂಡ. ಏರಿಸದಿದ್ದರೆ ಮಗಳ ಬಾಳು ಕೆಡುತ್ತದೆ, ಏರಿಸಿದರೆ ನನ್ನ ನಂಬಿಕೆ ಸುಳ್ಳಾಗುತ್ತದೆ, ನಾನೇನು ಮಾಡಲಿ, ನೀನೇ ಹೇಳು ಎಂದ. ಹೆಂಡತಿ ಆಗ ಹಾಲಿಗೆ ಹೆಪ್ಪು ಹಾಕುತ್ತಿದ್ದಳು. ಗಂಡನ ಹುಚ್ಚನ್ನು ಇಷ್ಟು ಕಾಲ ಹೊಟ್ಟೆಯಲ್ಲಿ ಹಾಕಿಕೊಂಡಿದ್ದವಳು. ಬೈಯಲಿಲ್ಲ. ತಲೆಯೆತ್ತದೆಯೇ ಹೇಳಿದಳು:

“ಕರ್ತನು ನಾಳೆ ಬರಬಹುದು ಎಂದು ನೀವು ದಿನಾ ಹೇಳುತ್ತೀರಿ. ನಾನೂ ಹೌದೆನ್ನುತ್ತೇನೆ. ಹೌದೆಂದು ದಿನಾ ಹಾಲಿಗೆ ಹೆಪ್ಪು ಹಾಕುತ್ತೇನೆ. ಬಂದರೆ ಆತನಿಗೇ ಒಂದು ಬಟ್ಟಲು ಮೊಸರು ಕೊಟ್ಟರಾಯಿತು. ಬರದಿದ್ದರೆ ನಿಮಗೆ ರೊಟ್ಟಿಗೆ ಬೇಕಲ್ಲ.”

ನೇಕಾರ ಆ ಪಾತ್ರೆಯನ್ನೇ ನೋಡುತ್ತ ಕೂತ. ಇಷ್ಟು ದಿನವೂ ಅವಳು ಹಾಕಿಟ್ಟ ಮೊಸರನ್ನು ಬೆಳಿಗ್ಗೆ ಎದ್ದು ತಿಂದಿದ್ದ. ನಿನಗೆ ನಂಬಿಕೆಯಿಲ್ಲವೇ ಎಂದು ಒಮ್ಮೆಯೂ ಅವಳನ್ನು ಕೇಳಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ನಗುವೂ ಬಂತು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಗಂಡ ಹೆಂಡತಿ ಕೂಡಿ ನಕ್ಕರು.

ಬೆಳಗಾಗುತ್ತಲೇ ಪೆಟ್ಟಿಗೆ ತೆರೆದ. ಓಣಿಯವರೆಲ್ಲ ಕರೆಯದೆಯೇ ಬಂದರು. ರೇಷ್ಮೆಯ ಹಾಸನ್ನು ಓಣಿಯುದ್ದಕ್ಕೂ ಹರಡಿ, ಎಳೆ ಎಳೆ ಬಿಡಿಸಿ, ಮಗ್ಗಕ್ಕೆ ಏರಿಸಿಕೊಟ್ಟರು. ಸುದ್ದಿ ಪಕ್ಕದ ಊರಿಗೆ ಹೋಯಿತು. ಅಲ್ಲಿಂದ ದಿನ ಗೊತ್ತಾಗಿ ಬಂತು. ಮಗಳ ಮುಖ ಅರಳಿತು. ಟವೆಲು ನೆಯ್ದು ಒರಟಾಗಿದ್ದ ನೇಕಾರನ ಕೈಗೆ ರೇಷ್ಮೆ ಮೊದಲು ಒಗ್ಗಲಿಲ್ಲ, ಆಮೇಲೆ ಒಗ್ಗಿತು.

ಮೊದಲ ಸಂಜೆ ಮಗ್ಗದ ಮೇಲೆ ನೂಲು ಬಿಟ್ಟು ಏಳುವಾಗ ಅವನಿಗೆ ಹೆದರಿಕೆಯಾಯಿತು. ಕಟ್ಟೆಗೆ ಹೋಗಿ ಆಕಾಶ ನೋಡಿದ. ಕರ್ತನೇ, ಬರುವುದಾದರೆ ಬಾ, ಬೇಡವೆನ್ನುವುದಿಲ್ಲ, ಒಳಗೆ ಮಗಳ ಸೀರೆ ಇದೆ, ನೀನೇ ನೋಡಿಕೋ ಎಂದು ಪ್ರಾರ್ಥನೆ ಮಾಡಿದ. ಬಂದು ಮಲಗಿದ. ಚೆನ್ನಾಗಿ ನಿದ್ದೆ ಬಂತು.

ಸೀರೆ ಅರ್ಧದಷ್ಟಾಗಿತ್ತು. ಒಂದು ಮಧ್ಯಾಹ್ನ ಮಗ್ಗದ ಸದ್ದು ನಿಂತಿತು. ನೀರು ಕುಡಿಯಲು ಎದ್ದಿರಬೇಕೆಂದು ಹೆಂಡತಿ ತಿಳಿದಳು. ಹೋಗಿ ನೋಡಿದರೆ ಅವನು ಮಗ್ಗಕ್ಕೆ ಒರಗಿಕೊಂಡಿದ್ದ. ಕೈ ಇನ್ನೂ ಸೀರೆಯ ಮೇಲೇ ಇತ್ತು. ಅವನಿಗೆ ಕರೆ ಬಂದಿತ್ತು.

ಓಣಿಗೆ ಓಣಿಯೇ ಅತ್ತಿತು. ಮಣ್ಣು ಮಾಡಿ ಬಂದ ಮೇಲೆ ಹಿರಿಯರು, ಮಗ್ಗದ ಮೇಲಿನದನ್ನು ಕತ್ತರಿಸಿ ಇಳಿಸೋಣವೇ ಎಂದು ಕೇಳಿದರು. ಮಗಳು ಬೇಡವೆಂದಳು. ಕಣ್ಣೊರೆಸಿಕೊಂಡು, ತಂದೆ ಕೂರುತ್ತಿದ್ದ ಜಾಗದಲ್ಲೇ ಕೂತಳು. ತಂದೆಯ ಕೈ ಬಿಗಿ, ಮಗಳದು ಸಡಿಲ. ಕೈ ಬದಲಾದ ಕಡೆ ಬಟ್ಟೆಗೆ ಅಡ್ಡಲಾಗಿ ಒಂದು ಗೆರೆ ಬಿತ್ತು. ಬಿಚ್ಚಿ ಸರಿಮಾಡು ಎಂದವರಿದ್ದರು. ಅವಳು ಬಿಚ್ಚಲಿಲ್ಲ. ಗಂಡಿನವರು ದಿನ ಮುಂದೂಡಿ ಅವಳ ನೇಯ್ಗೆ ಮುಗಿಯುವ ತನಕ ಕಾದರು. ಆ ಸೀರೆಯನ್ನೇ ಉಟ್ಟು ಅವಳು ದೇವಾಲಯದಲ್ಲಿ ಹುಡುಗನ ಪಕ್ಕ ನಿಂತಳು.

ಇಲ್ಲಿಗೆ ಅಯ್ಯನವರು ಕತೆ ನಿಲ್ಲಿಸಿದರು. ಹನೋಕ ವಾದ ಬಿಡುವವನಲ್ಲ.

“ಅವನು ಹೆದರಿದಂತೆಯೇ ಆಯಿತಲ್ಲ, ಅಯ್ಯನವರೇ. ಕರೆ ಬಂದಾಗ ಕೆಲಸ ಅರ್ಧಕ್ಕೇ ಇತ್ತು” ಎಂದ.

“ಹೌದು, ಅವನ ಮಗ್ಗದ ಮೇಲೆ ಮಗಳ ಸೀರೆ ಇತ್ತು, ನಿನ್ನದರ ಮೇಲೆ ಯಾರದಿದೆ, ಮಗೂ?” ಎಂದರು ಅಯ್ಯನವರು.

ಹನೋಕ ಎದ್ದು ಕೆಳಗಿನ ಓಣಿಯ ದಾರಿ ಹಿಡಿದ.