ನೋಡದೆ ತುಂಬಿದ ಐದು ದಳ

"ಗುರುಗಳೇ, ಈ ಚಳಿಗಾಲದ ದಿನಗಳನ್ನು ಬೇಗ ಕಳೆಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನ ಹೆಸರು ಯುನ್‌ಹಾಯ್. ಚೀನಾದ ದಕ್ಷಿಣದ ಬೆಚ್ಚನೆಯ ಸೀಮೆಯವನು. ಉತ್ತರದ ಬೆಟ್ಟದ ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ತಾಯಿ ಇಲ್ಲದ ಅವನನ್ನು ಅಕ್ಕ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಹಿಮ ಕರಗಿ ಕಣಿವೆಯ ದಾರಿ ತೆರೆದ ಮೇಲೆ ಹೋಗಿ ಅಕ್ಕನನ್ನು ನೋಡಿಕೊಂಡು ಬಾ ಎಂದು ಗುರುಗಳು ಅಪ್ಪಣೆ ಕೊಟ್ಟಿದ್ದರು. ಅಪ್ಪಣೆ ಸಿಕ್ಕ ದಿನದಿಂದ ಅವನಿಗೆ ಊಟ ರುಚಿಸದು, ಪಾಠ ತಲೆಗೆ ಹತ್ತದು.

ಗುರುಗಳು ನಕ್ಕರು. "ದಿನ ಕಳೆಯುವ ಉಪಾಯ ನಮ್ಮ ಉತ್ತರದವರನ್ನು ಬಿಟ್ಟರೆ ಇನ್ನಾರಿಗೆ ಗೊತ್ತು? ಕೂತುಕೋ. ಪಾತ್ರೆ ಆಮೇಲೆ ತೊಳೆಯುವೆಯಂತೆ," ಎಂದು ಕತೆ ಶುರುಮಾಡಿದರು.

ಒಂದು ನದಿಯ ದಂಡೆಯ ಮೇಲೆ ಒಬ್ಬ ದೋಣಿಗಾರನ ಮನೆಯಿತ್ತು. ಊರಿನಿಂದ ದೂರದ ಒಂಟಿ ಮನೆ. ಮನೆಯಲ್ಲಿ ಮೂವರು: ದೋಣಿಗಾರ, ಅವನ ಮುದಿ ತಾಯಿ, ಅವನ ಹೆಂಡತಿ. ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಎನ್ನುತ್ತಾರಲ್ಲ, ಇವರು ಹಾಗಲ್ಲ. ಒಬ್ಬಳು ಉಣ್ಣದೆ ಇನ್ನೊಬ್ಬಳು ಉಣ್ಣುತ್ತಿರಲಿಲ್ಲ.

ಒಂದು ವರ್ಷ ಚಳಿಗಾಲದ ಆರಂಭದಲ್ಲಿ ದೋಣಿಗಾರ ದೋಣಿ ತೆಗೆದುಕೊಂಡು ಕೆಳನಾಡಿಗೆ ಹೊರಟ. ತಾಯಿ ಅಷ್ಟರಲ್ಲೇ ಹಾಸಿಗೆ ಹಿಡಿದಿದ್ದಳು. ಅವನು ಅವಳ ಕಾಲು ಮುಟ್ಟಿ, "ಗೋಡೆಯ ಮೇಲಿನ ಕೊನೆಯ ಹೂ ತುಂಬುವುದರೊಳಗೆ ಬರುತ್ತೇನಮ್ಮ," ಎಂದ.

ಆ ಗೋಡೆಯ ಹೂವಿನ ವಿಷಯ ನಿಮ್ಮ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ವರ್ಷದಲ್ಲೇ ಅತಿ ಚಿಕ್ಕ ಹಗಲಿನ ದಿನ ಬರುತ್ತದಲ್ಲ, ಅಂದಿನಿಂದ ಎಂಬತ್ತೊಂದು ದಿನ ನಮ್ಮಲ್ಲಿ ಚಳಿ. ಒಂಬತ್ತು ಒಂಬತ್ತಲೆ ಎಂಬತ್ತೊಂದು. ಅಂದು ಒಂದು ಕಾಗದದ ಮೇಲೆ ಪ್ಲಮ್ ಮರದ ಕೊಂಬೆ ಬರೆದು ಗೋಡೆಗೆ ಅಂಟಿಸುತ್ತಾರೆ. ಕೊಂಬೆಯಲ್ಲಿ ಒಂಬತ್ತು ಹೂ, ಹೂವಿಗೆ ಒಂಬತ್ತು ದಳ. ಎಲ್ಲವೂ ಬರೀ ಗೆರೆ, ಒಳಗೆ ಬಣ್ಣವಿಲ್ಲ. ದಿನಕ್ಕೆ ಒಂದು ದಳಕ್ಕೆ ಕೆಂಪು ತುಂಬಬೇಕು. ಎಲ್ಲ ದಳ ಕೆಂಪಾದಾಗ ವಸಂತ ಬಂದಿರುತ್ತದೆ.

ಆದರೆ ಕುಂಚ ಎತ್ತುವ ಮುಂಚೆ ಬಾಗಿಲು ತೆರೆದು ಆಕಾಶ ನೋಡಬೇಕು. ಮೋಡವಿದ್ದರೆ ದಳದ ಮೇಲರ್ಧಕ್ಕೆ ಬಣ್ಣ, ಬಿಸಿಲಿದ್ದರೆ ಕೆಳಗರ್ಧಕ್ಕೆ. ಗಾಳಿಯಾದರೆ ಎಡಕ್ಕೆ, ಮಳೆಯಾದರೆ ಬಲಕ್ಕೆ. ಹಿಮ ಬಿದ್ದರೆ ನಟ್ಟನಡುವೆ. ಆ ಮನೆಯಲ್ಲಿ ಇದು ನಡೆಯುತ್ತಿದ್ದದ್ದು ಸರಿಯಾಗಿ ನಡುಮಧ್ಯಾಹ್ನಕ್ಕೆ. ಮುದುಕಿ ಕೆಳಗೆ ಬೆಂಕಿ ಇಟ್ಟ ಇಟ್ಟಿಗೆ ಕಟ್ಟೆಯ ಮೇಲೆ ಬಾಗಿಲಿಗೆ ಮುಖಮಾಡಿ ಮಲಗಿರುತ್ತಿದ್ದಳು. ಸೊಸೆ ಬಾಗಿಲು ತೆರೆದರೆ ಅವಳಿಗೆ ಆಕಾಶ ಕಾಣುತ್ತಿತ್ತು, ಆಕಾಶದ ಕೆಳಗೆ ಹೆಪ್ಪುಗಟ್ಟಿದ ನದಿಯೂ ಕಾಣುತ್ತಿತ್ತು. "ಇವತ್ತು ಗಾಳಿ ಕಣೇ, ಎಡಕ್ಕೆ ತುಂಬು," ಎನ್ನುತ್ತಿದ್ದಳು. ತುಂಬಿದ ಮೇಲೆ ಒಂದೇ ಪ್ರಶ್ನೆ: "ಇನ್ನೆಷ್ಟು ಉಳಿದವು?"

ಮುದುಕಿಗೆ ಬೇರೆ ಆಸೆ ಇರಲಿಲ್ಲ. ಸಾಯುವ ಮುಂಚೆ ಮಗನ ಮುಖ ಒಂದು ಸಲ ನೋಡಬೇಕು. ಜೀವ ಹಿಡಿದುಕೊಂಡಿದ್ದೇ ಅದಕ್ಕಾಗಿ. ಸೊಸೆಗೂ ಅದು ತಿಳಿದಿತ್ತು. ಗಂಡನ ನೆನಪು ಅವಳನ್ನೇನು ಕಡಿಮೆ ಕಾಡುತ್ತಿತ್ತೇ? ಕಸ ಗುಡಿಸುವಾಗಲೂ ಕಿವಿ ಹೊರಗೇ ಇರುತ್ತಿತ್ತು. ಆದರೂ ತನ್ನ ಹಂಬಲ ಹಿಂದಿಟ್ಟು ಅತ್ತೆಯ ಹಂಬಲ ಮುಂದಿಟ್ಟಿದ್ದಳು.

ಇಪ್ಪತ್ತಮೂರು ದಳ ತುಂಬಿದವು. ಆಗ ಮುದುಕಿಗೆ ಕೆಮ್ಮು ಹತ್ತಿತು. ಬಾಗಿಲು ತೆರೆದಾಗೆಲ್ಲ ಚಳಿಗಾಳಿ ಒಳಗೆ ನುಗ್ಗಿ ಕೆಮ್ಮು ಏರುತ್ತಿತ್ತು. "ಇನ್ನೆಷ್ಟು?" ಎಂದು ಕೇಳಿದಾಗ ಸೊಸೆ "ಐವತ್ತೆಂಟು" ಎಂದಳು. ಮುದುಕಿಯ ಮುಖ ಬಾಡಿತು. 

ಮಾರನೆಯ ಬೆಳಿಗ್ಗೆಯೇ ಸೊಸೆ ಕುಂಚ ತೆಗೆದುಕೊಂಡಳು. ಕೂತಲ್ಲೇ ಐದು ದಳ ತುಂಬಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ, ಇನ್ನೂ ಹುಟ್ಟದ ನಾಲ್ಕು ದಿನಗಳಿಗೂ ಬಣ್ಣ ಬಿತ್ತು.

"ಇನ್ನು ಐವತ್ತಮೂರೇ, ಅತ್ತೆ."

"ಆಕಾಶ ನೋಡಲೇ ಇಲ್ಲವಲ್ಲೇ?"

"ಈ ಚಳಿಯಲ್ಲಿ ನೋಡುವುದೇನಿದೆ? ಐದಕ್ಕೂ ಹಿಮ ಎಂದು ತುಂಬಿದ್ದೇನೆ. ಐದು ದಿನ ಬಾಗಿಲು ತೆರೆಯುವುದೂ ಬೇಡ. ಬೆಚ್ಚಗೆ ಮಲಗಿ."

ಮುದುಕಿ ನಕ್ಕಳು. ಐದು ದಿನ ಹತ್ತಿರವಾದನಲ್ಲ ಮಗ ಎಂದು ಅವಳಿಗೂ ಹಿತವಾಯಿತು. ಸೌದೆಗೆ, ನೀರಿಗೆ ಹಿತ್ತಲ ಬಾಗಿಲಿತ್ತು. ನದಿಯ ಕಡೆಯ ಬಾಗಿಲು ಐದು ದಿನ ಮುಚ್ಚಿಯೇ ಇತ್ತು. ನಡುವೆ ಗಂಜಿಹಬ್ಬ ಬಂತು. ವರ್ಷದ ಕೊನೆಯ ತಿಂಗಳ ಎಂಟನೆಯ ದಿನ ಎಂಟು ಬಗೆಯ ಕಾಳು ಹಾಕಿ ಗಂಜಿ ಬೇಯಿಸುವ ಹಬ್ಬ. ಅತ್ತೆ ಸೊಸೆ ಗಂಜಿ ಕುಡಿದರು. ಕೆಮ್ಮೂ ತುಸು ಇಳಿಯಿತು. ತಾನು ಮಾಡಿದ್ದು ಒಳ್ಳೆಯದೇ ಆಯಿತು ಎಂದುಕೊಂಡಳು ಸೊಸೆ. ಆರನೆಯ ದಿನದಿಂದ ಎಂದಿನಂತೆ ಬಾಗಿಲು ತೆರೆದು, ಆಕಾಶ ನೋಡಿ, ದಿನಕ್ಕೊಂದೇ ದಳ ತುಂಬಿದಳು.

ಹೊಸ ವರ್ಷ ಬಂತು. ಹಿಂದಿನ ಸಂಜೆಯ ಊಟಕ್ಕೆ ಎಲ್ಲಿದ್ದವರೂ ಮನೆ ಸೇರಬೇಕು, ಅದು ನಮ್ಮವರ ಕಟ್ಟಳೆ. ಬಾರದವನಿಗೂ ಬಟ್ಟಲು ಇಡುತ್ತಾರೆ. ಸೊಸೆ ಮೂರು ಬಟ್ಟಲು ಇಟ್ಟಳು, ಮಾಂಸ ತುಂಬಿದ ಕಡುಬು ಬಡಿಸಿದಳು. ಮುದುಕಿ ಒಂದು ಕಡುಬು ಮುರಿದು ಅರ್ಧ ತಿಂದಳು, ಉಳಿದರ್ಧವನ್ನು ಮಗನ ಬಟ್ಟಲಿಗೆ ಹಾಕಿದಳು. ಆಮೇಲೆ ಅವಳು ಗಟ್ಟಿ ಆಹಾರ ಮುಟ್ಟಲಿಲ್ಲ.

ಹೊಸ ವರ್ಷದ ಹದಿನೈದನೆಯ ದಿನ ಬರುವ ದೀಪದ ಹಬ್ಬಕ್ಕೆ ಎರಡು ದಿನವಿತ್ತು. ಊರಿನಲ್ಲಿ ಮಕ್ಕಳು ಕಾಗದದ ದೀಪಗಳಿಗೆ ಕಡ್ಡಿ ಕಟ್ಟುತ್ತಿದ್ದ ದಿನ. ಸೊಸೆ ಬಾಗಿಲು ತೆರೆದಳು. "ಬಿಸಿಲು," ಎಂದಳು ಮುದುಕಿ. ಸೊಸೆ ಕೆಳಗರ್ಧಕ್ಕೆ ಬಣ್ಣ ತುಂಬಿ ತಿರುಗಿ ನೋಡಿದಳು. ಇನ್ನೆಷ್ಟು ಎಂದು ಕೇಳುವವರು ಇರಲಿಲ್ಲ. ಮುದುಕಿಯ ಕಣ್ಣು ತೆರೆದೇ ಇದ್ದವು, ನದಿಯ ಕಡೆಗೆ.

ಅದಾದ ಏಳನೆಯ ದಿನ ಮಗ ಬಂದ. ನದಿ ಬಿರಿದು ನೀರು ಹರಿಯತೊಡಗಿತ್ತು, ಹೆಬ್ಬಾತುಗಳು ಬಂದಿದ್ದವು. ಕೊನೆಯ ಹೂ ಇನ್ನೂ ತುಂಬಿರಲಿಲ್ಲ. ಮಾತಿಗೆ ತಪ್ಪದವನು. ಬರಿದಾದ ಕಟ್ಟೆಯ ಮೇಲೆ ತಲೆಯಿಟ್ಟು ಅತ್ತ. ಅತ್ತು ಅತ್ತು ಸಾಕಾದ ಮೇಲೆ ಹೆಂಡತಿಗೆ ಹೇಳಿದ:

"ನಡುವೆ ಒಂದು ದಿನ ಇಲ್ಲಿ ಹಾದು ಹೋದೆ, ಗೊತ್ತೇ? ಕೆಳಗಿನ ಬಂದರಿನಲ್ಲಿ ದೋಣಿ ಮಂಜುಗಡ್ಡೆಗೆ ಸಿಕ್ಕಿಕೊಂಡಿತು. ಖಾಲಿ ಕೂತ ನಮ್ಮನ್ನು ಸರ್ಕಾರದವರು ಹಿಡಿದು, ಕೋಟೆಗೆ ಧಾನ್ಯ ಸಾಗಿಸಿ ಎಂದರು. ಹೆಪ್ಪುಗಟ್ಟಿದ ನದಿಯ ಮೇಲೆ ಜಾರುಬಂಡಿ ಎಳೆಯಬೇಕು. ಒಂಬತ್ತು ಜನ, ಒಂದು ಹಗ್ಗ. ಒಬ್ಬ ಬಿಟ್ಟರೆ ಉಳಿದ ಎಂಟು ಜನರ ಹೆಗಲು ಮುರಿಯುತ್ತದೆ. ನಾಯಕನ ಕೈಕಾಲು ಹಿಡಿದು, ನಡುಮಧ್ಯಾಹ್ನಕ್ಕೆ ಸರಿಯಾಗಿ ನಮ್ಮ ಮನೆಯ ಕೆಳಗೆ ಬರುವಂತೆ ಹೊರಡಿಸಿದೆ. ಆಗ ನೀನು ಬಾಗಿಲು ತೆರೆಯುತ್ತೀಯಲ್ಲ. ಅಮ್ಮ ಅಲ್ಲೇ ಮಲಗಿರುತ್ತಾಳೆ, ಮುಖ ತೋರಿಸಿ ಕೈ ಬೀಸಿ ಹೋಗೋಣ ಎಂದುಕೊಂಡೆ."

"ಆಮೇಲೆ?"

"ಬಾಗಿಲು ಮುಚ್ಚಿತ್ತು. ಹಗ್ಗ ಬಿಟ್ಟು ಮೇಲೆ ಹತ್ತಿ ಬರಲು ನಾಯಕ ಬಿಡಲಿಲ್ಲ. ಕೆರದ ಹುರಿ ಕಿತ್ತಿದೆ ಎಂದು ಸುಳ್ಳು ಹೇಳಿ ಮಂಜುಗಡ್ಡೆಯ ಮೇಲೆ ಕೂತು ಸ್ವಲ್ಪ ಹೊತ್ತು ಕಾದೆ. ಕೂಗಿದೆ. ಎದುರುಗಾಳಿ, ಕೂಗು ಮೇಲೆ ಬರಲಿಲ್ಲ. ಮನೆಯಿಂದ ಹೊಗೆ ಏಳುತ್ತಿತ್ತು. ಗಂಜಿಹಬ್ಬವಲ್ಲವೇ, ಇಬ್ಬರೂ ಬೆಚ್ಚಗಿದ್ದಾರೆ ಎಂದು ಸಮಾಧಾನ ಮಾಡಿಕೊಂಡು ಹಗ್ಗ ಎತ್ತಿಕೊಂಡೆ. ನದಿ ಬಿರಿಯುವ ತನಕ ಕೋಟೆಯಲ್ಲೇ ದುಡಿಸಿದರು."

 ಹೆಂಡತಿ ಎದ್ದು ಗೋಡೆಯ ಹತ್ತಿರ ಹೋದಳು. ಗಂಜಿಹಬ್ಬದ ದಿನದ ದಳ ಹುಡುಕಿ ಬೆರಳಿಟ್ಟಳು. ಬಣ್ಣ ನಡುವೆ ಇತ್ತು.

"ಅವತ್ತು ಹಿಮ ಬೀಳುತ್ತಿತ್ತೇ?" ಎಂದು ಕೇಳಿದಳು.

"ಹಿಮವೇ? ಇಲ್ಲ. ಇಡೀ ಚಳಿಗಾಲದಲ್ಲಿ ಅಂಥ ಬಿಸಿಲು ಕಂಡಿರಲಿಲ್ಲ. ಬಾಗಿಲು ತೆರೆದಿದ್ದರೆ ಅಮ್ಮನಿಗೆ ನನ್ನ ಹುಬ್ಬೂ ಕಾಣುತ್ತಿತ್ತು."

 ಗಂಡ ಕಣ್ಣೆದುರಿಗೇ ಕೂತಿದ್ದ. ಎರಡು ತಿಂಗಳು ಹಂಬಲಿಸಿದ್ದು ಅವನಿಗಾಗಿಯೇ. ಈಗ ಅವಳ ಜೀವ ಹಂಬಲಿಸಿದ್ದು ಮಾತ್ರ ಆ ಒಂದು ಮಧ್ಯಾಹ್ನಕ್ಕೆ. ಅದು ಬಾಗಿಲ ತನಕ ಬಂದು ಹೋಗಿತ್ತು. ಎಷ್ಟು ವಸಂತ ಬಂದರೂ ಅದು ಮರಳಿ ಬರುವಂಥದ್ದಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಯುನ್‌ಹಾಯ್, "ಪಾಪ, ಅವಳು ಮಾಡಿದ್ದು ಪ್ರೀತಿಯಿಂದಲೇ ಅಲ್ಲವೇ, ಗುರುಗಳೇ?" ಎಂದ.

"ಪ್ರೀತಿಯಿಂದಲೇ," ಎಂದರು ಗುರುಗಳು. "ಅದಿರಲಿ, ಇವತ್ತು ಹೊರಗೆ ಬಿಸಿಲಿದೆಯೋ ಮೋಡವಿದೆಯೋ, ಹೇಳು ನೋಡೋಣ."